ಉಳಿದ ಬಟ್ಟೆ ಮನೆಗೆ ಹೋಗಿ ಒಗೀತೀನಿ

ಪ್ರಶ್ನೆ: ನನಗೆ 38 ವರ್ಷ. ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಒಂಬತ್ತು ವರ್ಷದಿಂದ ಟೋಕಿಯೋದಲ್ಲಿದ್ದೇನೆ. ಸಾಫ್ಟ್‌ವೇರ್ ಕೆಲಸ, ಮದುವೆಯಾಗಿಲ್ಲ, ನಿಶಿಕಸಾಯಿಯಲ್ಲಿ ಒಂದು ಕೋಣೆಯ ಮನೆ. ಅಪ್ಪ ಹೋಗಿ ಐದು ವರ್ಷವಾಯಿತು. ಊರಿನ ಮನೆಯಲ್ಲಿ ಅಮ್ಮ ಒಬ್ಬಳೇ. ಅಣ್ಣ ಹುಬ್ಬಳ್ಳಿಯಲ್ಲಿದ್ದಾನೆ.

ಆಗಸ್ಟ್‌ನಲ್ಲಿ ಓಬೋನ್ ರಜೆಗೆ ಊರಿಗೆ ಬಂದಿದ್ದೆ. ಇದ್ದಷ್ಟು ದಿನವೂ ಮಳೆ. ಹೊರಡುವ ಹಿಂದಿನ ಸಂಜೆ ಅಮ್ಮ ನನ್ನ ಬಟ್ಟೆ ರಾಶಿಯ ಮುಂದೆ ಕೂತು ಇದನ್ನೆಲ್ಲ ಹೇಗೆ ಒಣಗಿಸೋದು ಅಂತ ಯೋಚಿಸುತ್ತಿದ್ದಳು. ನಾನು, 'ಬಿಡಮ್ಮ, ಉಳಿದ ಬಟ್ಟೆ ಮನೆಗೆ ಹೋಗಿ ಒಗೀತೀನಿ' ಅಂದೆ. ಅಂದ ಮೇಲೇ ಏನಂದೆ ಅಂತ ಗೊತ್ತಾಗಿದ್ದು. ಅಮ್ಮ ಸ್ವಲ್ಪ ಹೊತ್ತು ಬಿಟ್ಟು, 'ಹಾಗಾದ್ರೆ ಇದು ಯಾರ ಮನೆ?' ಅಂದಳು. ನಕ್ಕಳು ಕೂಡ. ಆ ನಗು ನನಗೆ ಗೊತ್ತು.

ಟೋಕಿಯೋಗೆ ಬಂದು ಸೂಟ್‌ಕೇಸ್ ತೆರೆದರೆ ಅಷ್ಟೂ ಬಟ್ಟೆ ಒಗೆದು, ಮಡಿಸಿ, ಪ್ಲಾಸ್ಟಿಕ್ ಕವರಿನಲ್ಲಿತ್ತು. ಹೊಗೆ ವಾಸನೆ. ರಾತ್ರಿಯೆಲ್ಲ ಬಚ್ಚಲೊಲೆ ಮುಂದೆ ಕೂತು ಒಣಗಿಸಿದ್ದಾಳೆ. ಎರಡು ತಿಂಗಳಾಯಿತು, ಆ ಕವರ್ ತೆಗೆಯಲು ನನಗೆ ಕೈ ಬರುತ್ತಿಲ್ಲ.

ನಿಜ ಹೇಳಬೇಕೆಂದರೆ ನನಗೆ ಇಲ್ಲಿನ ಬದುಕು ಇಷ್ಟ. ಇಷ್ಟವಾದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಮ್ಮ ಬೀದಿಯ ಕೊನೆಯ ಸೆಂತೋ, ಅಂದರೆ ಸಾರ್ವಜನಿಕ ಸ್ನಾನದ ಮನೆ. 550 ಯೆನ್ ಕೊಟ್ಟರೆ ಕುತ್ತಿಗೆಯವರೆಗೆ ಬಿಸಿನೀರು. ಜೂನ್ ತಿಂಗಳ ಮಳೆ. ಉಪ್ಪಿನಲ್ಲಿ ಹಾಕಿದ, ಉಮೆ ಎಂಬ ಹುಳಿ ಕಾಯಿ. ಶಿಕೋಕು ದ್ವೀಪದಲ್ಲಿ ಶಿಮೊನಾದ ಅಂತ ಒಂದು ಪುಟ್ಟ ರೈಲು ನಿಲ್ದಾಣ, ಸಿಬ್ಬಂದಿ ಯಾರೂ ಇಲ್ಲ, ಬೆಂಚಿನಲ್ಲಿ ಕೂತರೆ ಎದುರಿಗೆ ಸಮುದ್ರ ಮಾತ್ರ. ಬೆಳಿಗ್ಗೆ ಕೆಳಗಿಳಿದಾಗ 'ಹೋಗಿ ಬಾ', ಸಂಜೆ ಬಂದಾಗ 'ಬಂದೆಯಾ' ಅನ್ನುವ ನಮ್ಮ ಕಟ್ಟಡದ ಕಾವಲು ಅಜ್ಜ.

ಹೋದ ನವೆಂಬರಿನಲ್ಲಿ ಆ ಶಿಮೊನಾದದ ಬೆಂಚಿನಲ್ಲಿ ಕೂತಿದ್ದಾಗಲೇ ಅಮ್ಮನ ಫೋನ್ ಬಂತು. 'ಆಫೀಸಲ್ಲಿದ್ದೀನಿ, ಆಮೇಲೆ ಮಾಡ್ತೀನಿ' ಅಂದೆ. ಅದೊಂದೇ ಸಲವಲ್ಲ. ಈಗ ಎಲ್ಲಿಗೂ ಹೋಗಲು ಮನಸ್ಸಿಲ್ಲ. ಇಲ್ಲಿನ ಕನ್ನಡದವರು ಸಿಕ್ಕರೆ ವಾಪಸ್ ಯಾವಾಗ ಅಂತ ಕೇಳುತ್ತಾರೆ ಅಂತ ಅವರನ್ನೂ ತಪ್ಪಿಸಿಕೊಳ್ಳುತ್ತೇನೆ. ನಾನು ಕೃತಘ್ನಳೇ? ಎಲ್ಲ ಬಿಟ್ಟು ಬಂದುಬಿಡಲೇ?
(ಹೆಸರು ಬೇಡ, ಟೋಕಿಯೋ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಆ ಸೂಟ್‌ಕೇಸ್ ತೆರೆದ ಜಾಗಕ್ಕೆ ಬಂದು ನಿಂತೆ. ಶ್ರಾವಣದ ಜಡಿಮಳೆಯಲ್ಲಿ, ಹಸಿ ಸೌದೆಯ ಒಲೆಯ ಮುಂದೆ, ಒಂದು ಚೂಡಿದಾರ್ ಒಣಗಲು ಎಷ್ಟು ಹೊತ್ತು ಬೇಕು ಎಂಬುದು ಮಲೆನಾಡಿನವರಿಗೆ ಗೊತ್ತು. ಹಾಗಾಗಿ ನಿಮಗೆ ಕೈ ಬರುತ್ತಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ. ಎರಡು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ್ದೀರಿ. ಅದು ಕೃತಘ್ನರ ಲಕ್ಷಣವಲ್ಲ. ಕೃತಘ್ನರಿಗೆ ಬಟ್ಟೆಯ ವಾಸನೆ ನಿದ್ದೆ ಕೆಡಿಸುವುದಿಲ್ಲ.

ಆದರೆ 'ಬಾಯಿ ತಪ್ಪಿ ಬಂತು' ಎಂದು ನಿಮಗೆ ನೀವೇ ಸಮಾಧಾನ ಹೇಳಿಕೊಳ್ಳಬೇಡಿ. ತಪ್ಪಿ ಬಂದದ್ದಲ್ಲ. ಒಂಬತ್ತು ವರ್ಷ ದಿನಾ ಸಂಜೆ ಬಾಗಿಲು ತೆರೆದು ಚಪ್ಪಲಿ ಬಿಟ್ಟ ಜಾಗವನ್ನು ಬಾಯಿ ಮನೆ ಎಂದೇ ಕರೆಯುತ್ತದೆ. ಇಲ್ಲದಿದ್ದರೆ ಅಲ್ಲಿ ಬದುಕಲು ಆಗುತ್ತಿರಲಿಲ್ಲ.

ನನ್ನದೇ ಒಂದು ಮಾತು ಹೇಳುತ್ತೇನೆ. ನನ್ನ ತವರು ಕುಮಟಾ, ಮದುವೆಯಾಗಿ ಬಂದದ್ದು ಮೈಸೂರಿಗೆ. ಮೂರನೇ ವರ್ಷವೋ ಏನೋ, ಹಬ್ಬಕ್ಕೆ ಹೋದವಳು ಅಮ್ಮನ ಅಡುಗೆಮನೆಯಲ್ಲಿ ನಿಂತು, 'ನಮ್ಮನೇಲಿ ಸಾರಿಗೆ ಇಷ್ಟೊಂದು ಕಾಯಿ ಹಾಕಲ್ಲ' ಅಂದೆ. ಅಮ್ಮ ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ, ನನ್ನ ಮಗಳಿಗೆ ಜಡೆ ಹಾಕುತ್ತಾ, ನನಗಲ್ಲ, ಅವಳಿಗೆ ಹೇಳಿದಳು: 'ನಿನ್ನ ಅಮ್ಮ ಒಂದ್ಸಲ ಇಲ್ಲೇ ನಿಂತು ನಮ್ಮನೆ ಅಂದ್ಲು. ಅವತ್ತು ಇವಳ ಮದುವೆ ಆಯ್ತು ಅಂತ ಗೊತ್ತಾಯ್ತು ನಂಗೆ.' ನೊಂದುಕೊಂಡಿದ್ದಳು. ನೊಂದುಕೊಂಡೇ ಒಪ್ಪಿಕೊಂಡಿದ್ದಳು. ಎರಡೂ ಒಟ್ಟಿಗೆ ಆಗುತ್ತವೆ.

ನಿಮ್ಮ ಅಮ್ಮನೂ ಎಲ್ಲಿಂದಲೋ ಬಂದವರು. ಅವರೂ ಯಾವತ್ತೋ ಒಂದು ದಿನ ತಮ್ಮ ಅಮ್ಮನ ಎದುರು ಗಂಡನ ಮನೆಯನ್ನು 'ನಮ್ಮನೆ' ಅಂದಿರುತ್ತಾರೆ. ನಮ್ಮ ಹೆಂಗಸರಿಗೆ ಎರಡು ಮನೆ ಹೊಸದಲ್ಲ. ಅದಕ್ಕೇ ತವರು ಎಂಬ ಬೇರೆ ಮಾತೇ ಇದೆ. ಹಾಗಿದ್ದೂ ನಿಮ್ಮ ಮಾತು ಅವರಿಗೆ ಹೆಚ್ಚು ಚುಚ್ಚಿದ್ದು ಯಾಕೆ? ನನಗೆ ತೋಚುವುದು ಇದು. ಅವರು ತವರು ಬಿಟ್ಟಾಗ ಮಡಿಲು ತುಂಬಿ ಕಳಿಸಿದರು, ಊರು ನಿಂತು ನೋಡಿತು, ಹೋಗುವ ಮನೆ ಯಾವುದು, ಅಲ್ಲಿ ಯಾರಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನೀವು ಹೋದದ್ದು ವೀಸಾ ಹಿಡಿದು, ಎರಡು ಸೂಟ್‌ಕೇಸ್ ತೆಗೆದುಕೊಂಡು, 'ಮೂರು ವರ್ಷ ಅಷ್ಟೇ' ಎಂದು ಹೇಳಿ ಇರಬೇಕು. ಯಾರೂ ಮಡಿಲು ತುಂಬಲಿಲ್ಲ. ಹಾಗಾಗಿ ಅವರ ಲೆಕ್ಕದಲ್ಲಿ ನೀವು ಇನ್ನೂ ಹೊರಗೆ ಹೋದವರು, ಸಂಜೆಗೆ ಬರಬೇಕಾದವರು. ಒಂದು ಮಾತಿನಲ್ಲಿ, ಬಟ್ಟೆ ರಾಶಿಯ ಮುಂದೆ, ಅವರಿಗೆ ಸುದ್ದಿ ಗೊತ್ತಾಯಿತು. ಅವರಿಗೆ ನೋವಾದದ್ದು ಸುದ್ದಿಯಿಂದ, ನಿಮ್ಮಿಂದಲ್ಲ. ಈ ಎರಡನ್ನು ಬೇರೆ ಮಾಡಿ ನೋಡಿ.

ತಮಾಷೆ ಎಂದರೆ ನೀವು ಊರಿಗೆ ಬಂದ ಅದೇ ಓಬೋನ್ ಹೊತ್ತಿಗೆ ಟೋಕಿಯೋ ಅರ್ಧ ಖಾಲಿಯಾಗುತ್ತದೆ. ಹಿರಿಯರ ಆತ್ಮಗಳು ಮನೆಗೆ ಬರುವ ದಿನಗಳು ಅವು ಎಂಬ ನಂಬಿಕೆ. ಮಕ್ಕಳೂ ಶಿನ್ಕಾನ್ಸೆನ್ ರೈಲು ಹತ್ತಿ ಹುಟ್ಟೂರಿಗೆ ಹೋಗುತ್ತಾರೆ. ಅದಕ್ಕೆ ಅವರು ಸಾತೊಗಾಯೆರಿ ಅನ್ನುತ್ತಾರೆ, ಊರಿಗೆ ಮರಳುವುದು. ಮದುವೆಯಾದ ಹುಡುಗಿ ತವರಿಗೆ ಬರುವುದಕ್ಕೂ, ಹೆರಿಗೆಗೆ ಅಮ್ಮನ ಮನೆಗೆ ಹೋಗುವುದಕ್ಕೂ ಅದೇ ಮಾತು. ನಿಮ್ಮ ಪಕ್ಕದ ಮೇಜಿನ ಸಹೋದ್ಯೋಗಿಯೂ ಅಕಿತಾದಲ್ಲೋ ಕಗೋಶಿಮಾದಲ್ಲೋ ಅಮ್ಮನ ಎದುರು ಇಂಥದ್ದೇ ಮಾತು ಆಡಿ ನಾಲಿಗೆ ಕಚ್ಚಿಕೊಂಡಿರಬಹುದು. ಕೇಳಿ ನೋಡಿ.

ಕಾವಲು ಅಜ್ಜ ಹೇಳುವ ಆ 'ಹೋಗಿ ಬಾ' ಎಂಬುದನ್ನೂ ಗಮನಿಸಿ. ಜಪಾನೀಯರು ಮನೆಯಿಂದ ಹೊರಡುವಾಗ 'ಇತ್ತೆಕಿಮಾಸು' ಅನ್ನುತ್ತಾರೆ. ಅಕ್ಷರಶಃ ನಮ್ಮ 'ಹೋಗಿ ಬರ್ತೀನಿ'. ಬರೀ 'ಹೋಗ್ತೀನಿ' ಅಂದರೆ ನಮ್ಮಲ್ಲಿ ಅಜ್ಜಿಯರು ಬಯ್ಯುತ್ತಿದ್ದರಲ್ಲ, ಅದೇ ಲೆಕ್ಕ. ನೀವು ಒಂಬತ್ತು ವರ್ಷದಿಂದ ದಿನಕ್ಕೊಮ್ಮೆ ಈ ಮಾತನ್ನು ಅಲ್ಲಿ ಆಡುತ್ತಿದ್ದೀರಿ; ವರ್ಷಕ್ಕೊಮ್ಮೆ ಇಲ್ಲಿ ಆಡುತ್ತೀರಿ.

ಈಗ ನಿಮ್ಮ ನೋಟ್‌ಬುಕ್ಕಿನ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ದ್ರೋಹದ ದಾಖಲೆಯಂತೆ ನನ್ನ ಮುಂದೆ ಇಟ್ಟಿದ್ದೀರಿ. ನಾನು ಓದಿದ್ದು ಬೇರೆ. ಟೋಕಿಯೋದಲ್ಲಿ ಇಷ್ಟಪಡಲು ಎಷ್ಟೆಲ್ಲ ಇದೆ: ಶಿಬುಯಾದ ದೀಪಗಳು, ಗೋಪುರಗಳು, ಅಂಗಡಿಗಳು. ಅದರಲ್ಲಿ ಒಂದೂ ನಿಮ್ಮ ಪಟ್ಟಿಯಲ್ಲಿಲ್ಲ. ಇರುವುದು ಕುತ್ತಿಗೆಯವರೆಗೆ ಬಿಸಿನೀರು. ಹಂಡೆ ನೀರಿನಲ್ಲಿ ಬೆಳೆದ ಮೈಯಲ್ಲದೆ ಇನ್ಯಾವ ಮೈ ಹಾಗೆ ಬರೆಯುತ್ತದೆ? ಇರುವುದು ಮಳೆ. ಜನ ಜೂನ್ ಮಳೆಗೆ ಗೊಣಗುವ ಊರಿನಲ್ಲಿ ನೀವು ಅದನ್ನು ಇಷ್ಟದ ಪಟ್ಟಿಗೆ ಸೇರಿಸಿದ್ದೀರಿ. ಇರುವುದು ಉಪ್ಪಿನಲ್ಲಿ ಹಾಕಿದ ಹುಳಿ ಕಾಯಿ. ಉಮೆಯನ್ನು ಅವರು ಮಾಡುವ ಬಗೆ ಓದಿದೆ: ಜೂನಿನಲ್ಲಿ ಕಾಯಿ ತೊಳೆದು, ಪದರ ಪದರವಾಗಿ ಉಪ್ಪು ಹಾಕಿ, ಮೇಲೆ ಭಾರ ಇಡುತ್ತಾರೆ; ಕೆಲವೇ ದಿನಕ್ಕೆ ಕಾಯಿ ತಾನೇ ನೀರು ಬಿಟ್ಟು ಮುಳುಗುತ್ತದೆ; ಮಳೆಗಾಲ ಮುಗಿದ ಮೇಲೆ ಮೂರು ದಿನ ಬಿಸಿಲಿಗೆ. ಕೊನೆಯ ಬಿಸಿಲೊಂದು ಬಿಟ್ಟರೆ, ನಿಮ್ಮ ಅಮ್ಮ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಮುರುಟುವ ತನಕ ಕಾಯುವುದಕ್ಕಿಂತ ಇದು ಎಷ್ಟು ಬೇರೆ? ನೀವು ಏಷ್ಯಾದ ಆ ತುದಿಗೆ ಹೋಗಿ ಆರಿಸಿಕೊಂಡದ್ದರಲ್ಲಿ ಮುಕ್ಕಾಲು ಪಾಲು ಅಮ್ಮನ ಮನೆಯದೇ. ನಾಲಿಗೆ, ಮೈ, ಕಿವಿ ಅವರು ಕೊಟ್ಟದ್ದು. ಅಲ್ಲಿ ಅದಕ್ಕೆ ಹೊಂದುವ ಜಾಗ ಹುಡುಕಿಕೊಂಡಿದ್ದೀರಿ.

ಶಿಮೊನಾದ ಮಾತ್ರ ನಿಮ್ಮದೇ. ಅದು ನಿಮ್ಮದಾಗಿಯೇ ಇರಲಿ. ಎಲ್ಲಕ್ಕೂ ಊರಿನ ಬೇರು ಹುಡುಕಬೇಕಿಲ್ಲ.

ಇಷ್ಟು ಹೇಳಿ, ಒಂದು ವಿಷಯದಲ್ಲಿ ನಾನು ನಿಮ್ಮ ಪರ ನಿಲ್ಲಲಾರೆ. ಆ ಬೆಂಚಿನಲ್ಲಿ ಕೂತು 'ಆಫೀಸಲ್ಲಿದ್ದೀನಿ' ಅಂದದ್ದು. ಯಾಕೆ ಅಂದಿರಿ ಎಂಬುದು ಅರ್ಥವಾಗುತ್ತದೆ: ಅಮ್ಮ ಒಬ್ಬಳೇ ಇರುವಾಗ ನಾನು ಸಮುದ್ರ ನೋಡುತ್ತಾ ಕೂತಿದ್ದೀನಿ ಅಂತ ಹೇಗೆ ಹೇಳಲಿ ಎಂಬ ಸಂಕೋಚ. ಉದ್ದೇಶ ಒಳ್ಳೆಯದೇ. ಆದರೆ ಪರಿಣಾಮ ನೋಡಿ. ವರ್ಷಗಟ್ಟಲೆ ಅಮ್ಮನ ಕಿವಿಗೆ ಬಿದ್ದದ್ದು ಆಫೀಸು, ಮೀಟಿಂಗು, ಸುಸ್ತು, ಚಳಿ. ಅವರ ಮನಸ್ಸಿನಲ್ಲಿ ಟೋಕಿಯೋ ಎಂದರೆ ಮಗಳನ್ನು ದುಡಿಸಿಕೊಳ್ಳುವ ಒಂದು ಜಾಗ. ಅಂಥ ಜಾಗವನ್ನು ಮಗಳು ಏಕಾಏಕಿ ಮನೆ ಅಂದಳು. ಅವರಿಗೆ ದಿಗಿಲಾಗದೆ ಏನಾಗಬೇಕು? ನೀವು ಇಷ್ಟಪಟ್ಟದ್ದರಲ್ಲಿ ತಪ್ಪಿಲ್ಲ, ಇಷ್ಟವನ್ನು ಅವರಿಂದ ಬಚ್ಚಿಟ್ಟದ್ದೇ ದೂರ ಮಾಡಿದ್ದು. ಇದನ್ನು ಬಯ್ಗುಳ ಅಂದುಕೊಳ್ಳಬೇಡಿ. ದುಬೈ, ಸಿಂಗಪುರ, ಬೇಡ, ಬರೀ ಬೆಂಗಳೂರಿನಲ್ಲಿರುವ ಮಕ್ಕಳೂ ಇದನ್ನೇ ಮಾಡುತ್ತಾರೆ. ಕೊಡಚಾದ್ರಿ ಹತ್ತಿ ಬಂದು 'ವೀಕೆಂಡಲ್ಲಿ ಮಲಗಿದ್ದೆ' ಅನ್ನುವವರು ನನಗೆ ವಾರಕ್ಕಿಬ್ಬರು ಸಿಗುತ್ತಾರೆ.

ಏನು ಮಾಡಬಹುದು? ಮೊದಲು ಫೋನ್ ಮಾಡಿ. ಮೆಸೇಜ್ ಬೇಡ. ನಿಮ್ಮ ರಾತ್ರಿ ಒಂಬತ್ತು ಎಂದರೆ ಅಲ್ಲಿ ಸಂಜೆ ಐದೂವರೆ, ಕಾಫಿ ಲೋಟ ತೊಳೆದಿಟ್ಟು ಅಮ್ಮ ಜಗಲಿಗೆ ಬರುವ ಹೊತ್ತು. 'ಅವತ್ತು ಮನೆ ಅಂದೆನಲ್ಲ, ನಿಂಗೆ ಬೇಜಾರಾಯ್ತು ಅಂತ ನಂಗೆ ಗೊತ್ತಾಯ್ತು. ಬಟ್ಟೆಯೆಲ್ಲ ಒಣಗಿಸಿ ಇಟ್ಟಿದ್ದೀಯ' ಅನ್ನಿ. ಅಷ್ಟೇ ಅಂದು ನಿಲ್ಲಿಸಿ. 'ನಾನು ಹಾಗೆ ಅಂದಿದ್ದು ಸುಮ್ಮನೆ' ಎಂದು ವಾಪಸ್ ತೆಗೆದುಕೊಳ್ಳಬೇಡಿ, ಅದು ಇನ್ನೊಂದು ಸುಳ್ಳಾಗುತ್ತದೆ. ಅವರು 'ಅದೆಲ್ಲ ಏನಿಲ್ಲ, ಊಟ ಆಯ್ತಾ' ಅಂದು ಮಾತು ಮರೆಸಬಹುದು. ಮರೆಸಲಿ. ಹೇಳಿದ್ದು ಅವರಿಗೆ ತಲುಪಿರುತ್ತದೆ.

ಅದಾದ ಮೇಲೆ, ಅದೇ ವಾರ ಬೇಡ, ಒಂದೆರಡು ವಾರ ಬಿಟ್ಟು, ನವೆಂಬರಿನ ಆ ಪ್ರಯಾಣವನ್ನು ಹೇಳಿ. 'ನಾನು ಆಫೀಸಲ್ಲಿರಲಿಲ್ಲ' ಎಂದೇ ಶುರು ಮಾಡಿ. ಪತ್ರದ ಕೊನೆಗೆ ನೀವು ಸೇರಿಸಿದ್ದ ಸಾಲನ್ನು ಇಲ್ಲಿ ನಾನು ಅಚ್ಚು ಮಾಡಿರಲಿಲ್ಲ, ಈಗ ನೆನಪಿಸುತ್ತೇನೆ: ಮತ್ಸುಯಾಮಾದ 51ನೇ ದೇವಸ್ಥಾನದ ಹತ್ತಿರ ಯಾರೋ ಅಜ್ಜಿ ನಿಮ್ಮ ಕೈಗೆ ಎರಡು ಕಿತ್ತಳೆ ಹಾಕಿ ಹೋದದ್ದು, ನೀವು ರಸ್ತೆಯಲ್ಲೇ ಅತ್ತದ್ದು. ಶಿಕೋಕುವಿನ 88 ದೇವಸ್ಥಾನಗಳನ್ನು ಸುತ್ತುವ ಸುಮಾರು 1,200 ಕಿಲೋಮೀಟರ್ ದಾರಿಯಲ್ಲಿ ಯಾತ್ರಿಕರಿಗೆ ಹೀಗೆ ಏನಾದರೂ ಕೊಡುವುದು ಹಳೆಯ ಪದ್ಧತಿಯಂತೆ, ಒಸೆತ್ತಾಯಿ ಅನ್ನುತ್ತಾರಂತೆ, ಬೇಡ ಅನ್ನಬಾರದಂತೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಮಜ್ಜಿಗೆ ಕೊಡುವುದನ್ನು ನೋಡಿದ ನಿಮ್ಮ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರದೇಶದಲ್ಲಿ ತನ್ನ ಮಗಳ ಕೈಗೆ ಹಣ್ಣು ಕೊಟ್ಟ ಒಬ್ಬ ಮುದುಕಿ ಇದ್ದಾಳೆ ಎಂಬುದು ಅವರಿಗೆ ನಿಮ್ಮ ಸಂಬಳಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಇನ್ನು, ನಿಮ್ಮ ಅಪರಾಧಿ ಭಾವದ ಅಡಿಯಲ್ಲಿ ಒಂದು ಭಯ ಇದೆ, ಅದನ್ನು ನೀವು ಬರೆದಿಲ್ಲ. ಅಮ್ಮನಿಗೆ ಮಧ್ಯರಾತ್ರಿ ಏನಾದರೂ ಆದರೆ? ಇದಕ್ಕೆ ಕಣ್ಣೀರು ಔಷಧವಲ್ಲ, ಏರ್ಪಾಡು ಔಷಧ. ಹತ್ತು ನಿಮಿಷದಲ್ಲಿ ಮನೆ ಮುಟ್ಟಬಲ್ಲ ಇಬ್ಬರು ಯಾರು, ಗಾಡಿ ಯಾರದ್ದು, ಆಸ್ಪತ್ರೆಯ ಕಾಗದ ಮತ್ತು ಮಾತ್ರೆ ಚೀಟಿ ಯಾವ ಡಬ್ಬಿಯಲ್ಲಿದೆ, ಮೊದಲ ದಿನದ ಖರ್ಚಿನ ಹಣ ಯಾರ ಕೈಯಲ್ಲಿರುತ್ತದೆ. ಅಣ್ಣನೊಂದಿಗೆ ಕೂತು, ಇಬ್ಬರೂ ಅಮ್ಮನನ್ನೇ ಕೇಳಿ ಬರೆದುಕೊಳ್ಳಿ. ಹುಬ್ಬಳ್ಳಿ ಹತ್ತಿರ ಎಂದು ಎಲ್ಲ ಅವನ ತಲೆಗೆ ಕಟ್ಟಬೇಡಿ. ದೂರ ಇರುವವರು ಫೋನಿನ ಕೆಲಸ, ಹಣದ ಕೆಲಸ, ಡಾಕ್ಟರ ಹತ್ತಿರ ಮಾತಾಡುವ ಕೆಲಸ ಹೊರಬಹುದು. ಮಧ್ಯರಾತ್ರಿಗಲ್ಲದಿದ್ದರೂ ಹಗಲಿನ ಹೊತ್ತಿಗೆ ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ. ಆ ನಂಬರನ್ನು ಅಮ್ಮನ ಫೋನಿನ ಪಕ್ಕದ ಗೋಡೆಗೆ ದಪ್ಪಕ್ಷರದಲ್ಲಿ ಅಂಟಿಸಲು ಹೇಳಿ.

ಅಮ್ಮನನ್ನು ಅಲ್ಲಿಗೇ ಕರೆಸಿಕೊಳ್ಳುವ ಯೋಚನೆ ಬಂದಿದ್ದರೆ, ಕಣ್ಣು ತೆರೆದು ಯೋಚಿಸಿ. ಜಪಾನಿನಲ್ಲಿ ತಂದೆತಾಯಿಗೆ ದೀರ್ಘ ವಾಸದ ವೀಸಾ ಸುಲಭವಿಲ್ಲ. ಉನ್ನತ ಕೌಶಲದ ವೀಸಾ ಇರುವವರಿಗೂ, ಮನೆಯಲ್ಲಿ ಏಳು ವರ್ಷದೊಳಗಿನ ಮಗು ಅಥವಾ ಬಸುರಿ ಇದ್ದು, ಕುಟುಂಬದ ವಾರ್ಷಿಕ ಸಂಪಾದನೆ 80 ಲಕ್ಷ ಯೆನ್ ಇದ್ದರೆ ಮಾತ್ರ ಆ ದಾರಿ. ನಿಮಗೆ ಉಳಿಯುವುದು ಗರಿಷ್ಠ 90 ದಿನದ ಭೇಟಿ. ಅದೂ ಕಡಿಮೆಯಲ್ಲ. ಬೆಂಗಳೂರಿನಿಂದ ನರೀತಾಕ್ಕೆ ನೇರ ವಿಮಾನವಿದೆ. ಒಮ್ಮೆ ಜೂನಿನಲ್ಲಿ ಕರೆಸಿ, ಉಮೆ ಬರುವ ಹೊತ್ತಿಗೆ. ಅವರು ಉಮೆಯನ್ನು ಬಾಯಿಗೆ ಹಾಕಿ ಮುಖ ಕಿವುಚಿ 'ಇದಕ್ಕೆ ಸಾಸಿವೆ ಖಾರ ಹಾಕಿದ್ರೆ ಆಗ್ತಿತ್ತು' ಅನ್ನದಿದ್ದರೆ ನನಗೆ ಬರೆಯಿರಿ. ಒಂದು ಎಚ್ಚರಿಕೆ: ಅಮ್ಮ ಮೀನು ತಿನ್ನದವರಾದರೆ ಅಲ್ಲಿನ ಸಾರಿನಲ್ಲೆಲ್ಲ ಒಣಮೀನಿನ ದಾಶಿ ಇರುತ್ತದೆ, ನಿಮಗೆ ಗೊತ್ತಿರುವುದೇ, ಅವರಿಗೆ ಮೊದಲೇ ಹೇಳಿ.

'ಎಲ್ಲ ಬಿಟ್ಟು ಬಂದುಬಿಡಲೇ' ಎಂಬ ಪ್ರಶ್ನೆಗೆ ಈಗ ಉತ್ತರ ಕೊಡಬೇಡಿ. ಬರುವುದು ತಪ್ಪಲ್ಲ, ಇರುವುದೂ ತಪ್ಪಲ್ಲ. ಆದರೆ ಪ್ರಾಯಶ್ಚಿತ್ತವೆಂದು ಬಂದವರು ಆರು ತಿಂಗಳಿಗೆ ಅದೇ ಅಮ್ಮನ ಮೇಲೆ ಸಿಡುಕುವುದನ್ನು ನಾನು ಕಂಡಿದ್ದೇನೆ. ಮುಂದಿನ ಯುಗಾದಿಯ ತನಕ ಈ ಪ್ರಶ್ನೆಯನ್ನು ಎತ್ತಿಡಿ. ಆಗ ಅಮ್ಮನನ್ನೂ ಕೇಳಿ, ಅವರಿಗೆ ಏನು ಬೇಕು ಎಂದು. ನೀವು ಇಬ್ಬರು ಮಕ್ಕಳೂ ಇದುವರೆಗೆ ಕೇಳಿದ ಹಾಗೆ ಕಾಣುವುದಿಲ್ಲ. ಅವರಿಗೆ ನೀವು ಬರುವುದಕ್ಕಿಂತ ಸಂಜೆ ಹೊತ್ತು ಜೊತೆಗೆ ಒಬ್ಬರು ಇರುವುದು ಬೇಕಾಗಿರಬಹುದು. ಏನೂ ಬೇಡವೆಂದೂ ಅನ್ನಬಹುದು. 'ಬಾ' ಅಂದರೆ, ಅದನ್ನು ಆಗ ಗಂಭೀರವಾಗಿ ತೆಗೆದುಕೊಳ್ಳೋಣ.

ಈ ಅಂಕಣ ಓದುವ ಅಮ್ಮಂದಿರಿಗೂ ಒಂದು ಮಾತು. ಫೋನಿನಲ್ಲಿ ಮಕ್ಕಳನ್ನು ಊಟ ಆಯ್ತಾ, ವಾಪಸ್ ಯಾವಾಗ ಎಂಬ ಎರಡೇ ಪ್ರಶ್ನೆ ಕೇಳಬೇಡಿ. 'ಈ ವಾರ ಎಲ್ಲಿಗೆ ಹೋಗಿದ್ದೆ, ಏನು ಚೆನ್ನಾಗಿತ್ತು' ಎಂದೂ ಕೇಳಿ. ಉತ್ತರ ಕೇಳಿ ಸ್ವಲ್ಪ ಹೊಟ್ಟೆ ಉರಿದರೂ ಪರವಾಗಿಲ್ಲ.

ನೀವು ಎಲ್ಲಿಗೂ ಹೋಗಲು ಮನಸ್ಸಿಲ್ಲ, ಜನರನ್ನು ತಪ್ಪಿಸಿಕೊಳ್ಳುತ್ತೇನೆ ಎಂದು ಬರೆದಿರುವುದನ್ನು ನಾನು ಲಘುವಾಗಿ ನೋಡುತ್ತಿಲ್ಲ. ಅದರ ಜೊತೆಗೆ ನಿದ್ದೆ ಹಾಳಾಗಿದ್ದು, ಊಟ ಸೇರದಿದ್ದು, ಸೆಂತೋದ ಬಿಸಿನೀರಿಗೂ ಏನೂ ಅನ್ನಿಸದೆ ಎರಡು ವಾರಕ್ಕಿಂತ ಹೆಚ್ಚಾಗಿದ್ದರೆ ನನ್ನ ಒಂದು ಪತ್ರ ಸಾಲದು. ಟೋಕಿಯೋದಲ್ಲಿ ಟೆಲ್ ಎಂಬ ಸಂಸ್ಥೆ 1973ರಿಂದ ಇಂಗ್ಲಿಷಿನಲ್ಲಿ ಫೋನ್ ಸಹಾಯ ಕೊಡುತ್ತಿದೆ, ಮುಖಾಮುಖಿ ಆಪ್ತಸಲಹೆಯೂ ಇದೆ. ಭಾರತದೊಳಗಿರುವ ಓದುಗರಿಗೆ ಟೆಲಿಮಾನಸ್, 14416. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬಂಥ ಯೋಚನೆ ಒಮ್ಮೆ ಸುಳಿದರೂ ಅವತ್ತೇ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ಮತ್ತೆ, ನಿಶಿಕಸಾಯಿಯಂಥ ಕಡೆ, 2000ದ ಆಸುಪಾಸಿನಿಂದ ನಮ್ಮ ಇಂಜಿನಿಯರುಗಳು ಬಂದು ನೆಲೆಸಿದ ಜಾಗದಲ್ಲಿ, ಕನ್ನಡ ಆಡುವವರನ್ನು ತಪ್ಪಿಸಿಕೊಂಡು ಓಡಾಡುವುದೇ ಕಷ್ಟದ ಕೆಲಸ. ಒಬ್ಬರನ್ನಾದರೂ ಚಹಾಕ್ಕೆ ಕರೆಯಿರಿ. 'ವಾಪಸ್ ಯಾವಾಗ' ಅಂದರೆ 'ಯುಗಾದಿಗೆ ಹೇಳ್ತೀನಿ' ಅನ್ನಿ. ಅವರ ಎದೆಯಲ್ಲೂ ಅದೇ ಪ್ರಶ್ನೆ ಇರುತ್ತದೆ, ಅದಕ್ಕೇ ಕೇಳುವುದು.

ಆ ಕವರನ್ನು ಈ ವಾರ ತೆಗೆಯಿರಿ. ಒಂದು ಜೊತೆ ಹಾಕಿಕೊಂಡು ಕೆಲಸಕ್ಕೆ ಹೋಗಿ. ತೊಜಾಯಿ ಲೈನಿನ ರೈಲಿನಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕೊಳೆಯಾದ ಮೇಲೆ ಒಗೆಯಿರಿ. ಹೊಗೆ ವಾಸನೆ ಹೋಗುತ್ತದೆ, ಹೋಗಲಿ. ಮುಂದಿನ ಮಳೆಗಾಲಕ್ಕೆ ಅಮ್ಮನ ಬಚ್ಚಲೊಲೆಯ ಮುಂದೆ ಇಬ್ಬರೂ ಕೂತು ಮತ್ತೆ ಹತ್ತಿಸಿಕೊಂಡು ಬನ್ನಿ.